ಸ್ಪ್ರಿಂಗ್ ಕೊನೆಗೆ, ಟೈರು ಮೊದಲು

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ಇವತ್ತಿನ ವಿಷಯ ‘ನಿಮ್ಮ ಕಾರಿಗೆ ಯಾವ ಸ್ಪ್ರಿಂಗ್?’ ಅಂತ ಅಚ್ಚಾಗಿದೆ. ಸಂಘಟಕರ ಮೇಲೆ ನನಗೆ ಸಿಟ್ಟೇನಿಲ್ಲ. ಆದರೆ ಗಾಡಿ ರಸ್ತೆ ಹಿಡಿಯುವುದನ್ನು ಸುಧಾರಿಸುವ ಕೆಲಸ ಈ ಪ್ರಶ್ನೆಯಿಂದ ಶುರುವಾದರೆ ಅರ್ಧ ದುಡ್ಡು ಆಗಲೇ ಹಾಳಾದಂತೆ. ರಸ್ತೆ ಹಿಡಿಯುವುದು ಟೈರು. ಸಸ್ಪೆನ್ಷನ್ ಹಿಡಿತವನ್ನು ಹುಟ್ಟಿಸುವುದಿಲ್ಲ, ಟೈರಿನಲ್ಲಿರುವ ಹಿಡಿತ ಪೋಲಾಗದಂತೆ ಕಾಯುತ್ತದೆ, ಅಷ್ಟೆ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಸಭೆಯಲ್ಲಿ ಗ್ಯಾರೇಜ್ ನಡೆಸುವವರಿದ್ದೀರಿ, ಕಾಲೇಜಿನ ಹುಡುಗರಿದ್ದೀರಿ, ಚಿಕ್ಕಮಗಳೂರಿನ ಎಸ್ಟೇಟ್ ರಸ್ತೆಗಳಲ್ಲಿ ರ್‍ಯಾಲಿ ಓಡಿಸುವ ಆಸೆ ಇರುವವರೂ ಇದ್ದೀರಿ. ಹಾಗಾಗಿ ಸ್ಟ್ರಟ್ ಎಂದರೇನು, ಶಾಕಪ್ ಎಂದರೇನು ಅಂತ ಅಆಇಈ ಹೇಳುವುದಿಲ್ಲ. ಲೆಕ್ಕಕ್ಕೆ ಒಂದು ಗಾಡಿ ಬೇಕು. ಸ್ವಿಫ್ಟ್, ಬಲೆನೊ, ಐ20, ಪೋಲೊ ಯಾವುದಾದರೂ ಇಟ್ಟುಕೊಳ್ಳಿ. ಎಲ್ಲದರಲ್ಲೂ ಮುಂದೆ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗೂ, ಅದರ ಕುಣಿತ ತಡೆಯುವ ಶಾಕಪ್ಪೂ ಒಂದೇ ಕಂಬದಲ್ಲಿ), ಹಿಂದೆ ಟಾರ್ಷನ್ ಬೀಮ್ (ಎರಡು ಚಕ್ರಗಳನ್ನು ಕೂಡಿಸುವ, ತಿರುಚಿಕೊಳ್ಳುವ ತೊಲೆ), ಎಂಜಿನ್ ಓಡಿಸುವುದು ಮುಂದಿನ ಚಕ್ರಗಳನ್ನು. ಜನ ಸೇರಿ ಸುಮಾರು 1000 ಕೆಜಿ ಅಂದುಕೊಳ್ಳೋಣ.

ಈಗ ಆ ಕಾರು ಚಾರ್ಮಾಡಿ ಘಾಟಿಯ ಒಂದು ತಿರುವಿನಲ್ಲಿದೆ. ತೂಕ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಜರುಗುತ್ತದೆ. ಎಷ್ಟು ಜರುಗುತ್ತದೆ? ತೂಕವನ್ನು ತಿರುವಿನ ವೇಗೋತ್ಕರ್ಷದಿಂದ, ಭಾರಕೇಂದ್ರದ ಎತ್ತರದಿಂದ ಗುಣಿಸಿ, ಎಡ ಬಲ ಚಕ್ರಗಳ ನಡುವಿನ ಅಗಲದಿಂದ ಭಾಗಿಸಿ. 0.8 ಜಿ, ಅಂದರೆ ಗುರುತ್ವದ 0.8 ಪಟ್ಟು ಪಕ್ಕಕ್ಕೆ ತಳ್ಳುವ ತಿರುವು, ಭಾರಕೇಂದ್ರ 55 ಸೆಂಮೀ ಎತ್ತರ, ಅಗಲ 150 ಸೆಂಮೀ ಆದರೆ 293 ಕೆಜಿ. ಈ ಸೂತ್ರದಲ್ಲಿ ಸ್ಪ್ರಿಂಗ್ ಎಲ್ಲಿದೆ, ಹುಡುಕಿ. ಇಲ್ಲ. ಶಾಕಪ್ ಇಲ್ಲ, ಗಾಡಿ ವಾಲುವುದನ್ನು ತಡೆಯುವ ಆ್ಯಂಟಿ ರೋಲ್ ಬಾರ್ ಕೂಡ ಇಲ್ಲ. ಗಾಡಿ ವಾಲಲಿ, ವಾಲದೆ ನೆಟ್ಟಗೆ ನಿಲ್ಲಲಿ, ಜರುಗುವ ತೂಕ ಹೆಚ್ಚುಕಡಿಮೆ ಅಷ್ಟೇ.

ಇನ್ನು ಇಳಿಸುವ ಸ್ಪ್ರಿಂಗ್ ಹಾಕಿ 30 ಮಿಮೀ ಕೆಳಗಿಳಿಸಿದಿರಿ ಅನ್ನಿ. 55 ಹೋಗಿ 52 ಸೆಂಮೀ ಆಯಿತು. ಲೆಕ್ಕ 277 ಕೆಜಿಗೆ ಬಂತು. ಲಾಭ 16 ಕೆಜಿ, ಒಂದು ಶಾಲಾ ಮಗುವಿನ ತೂಕವೂ ಅಲ್ಲ. ಅದಕ್ಕಾಗಿ ಸಸ್ಪೆನ್ಷನ್ ಮೇಲೆ ಕೆಳಗೆ ಆಡುವ ಜಾಗದಲ್ಲಿ 30 ಮಿಮೀ ಕಳೆದುಕೊಂಡಿರಿ. ಹಾಗಾದರೆ ಸ್ಪ್ರಿಂಗು, ಬಾರು ಏನೂ ಮಾಡುವುದಿಲ್ಲವೆ? ಮಾಡುತ್ತವೆ. ಆ 293 ಕೆಜಿಯಲ್ಲಿ ಮುಂದಿನ ಆಕ್ಸಲ್ ಪಾಲೆಷ್ಟು, ಹಿಂದಿನದರ ಪಾಲೆಷ್ಟು ಅನ್ನುವುದನ್ನು ಅವು ತೀರ್ಮಾನಿಸುತ್ತವೆ. ಹ್ಯಾಂಡ್ಲಿಂಗ್ ಎನ್ನುವ ಆಟವೆಲ್ಲ ಈ ಹಂಚಿಕೆಯಲ್ಲಿದೆ. ಕಾರಣ, ಟೈರಿನ ಮೇಲೆ ತೂಕ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಸ್ವಲ್ಪ ಕಡಿಮೆಯೇ ಸಿಗುತ್ತದೆ. ಇಬ್ಬರು ಹಮಾಲರು ತಲಾ ಒಂದು ಮೂಟೆ ಹೊರುವುದಕ್ಕೂ, ಒಬ್ಬನ ಮೇಲೇ ಎರಡನ್ನೂ ಹೇರಿ ಇನ್ನೊಬ್ಬನನ್ನು ಕೈಬೀಸಿಕೊಂಡು ನಡೆಸುವುದಕ್ಕೂ ಇರುವ ವ್ಯತ್ಯಾಸ ಅದು. ಯಾವ ಆಕ್ಸಲ್ಲಿನಲ್ಲಿ ಈ ಅಸಮಾನತೆ ಹೆಚ್ಚೋ ಆ ಆಕ್ಸಲ್ಲೇ ಮೊದಲು ಜಾರುತ್ತದೆ. ಮುಂದಿನದು ಜಾರಿದರೆ ಅಂಡರ್‌ಸ್ಟಿಯರ್, ಹಿಂದಿನದು ಜಾರಿದರೆ ಓವರ್‌ಸ್ಟಿಯರ್.

ಇಲ್ಲಿ ಒಂದು ಕಥೆ ಹೇಳಲೇಬೇಕು. ಅಮೆರಿಕದ್ದು, ಹಳೆಯದು, ಆದರೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

1960ರ ಮಾದರಿಯಾಗಿ ಷೆವರ್ಲೆ ಕಂಪನಿ ಕೊರ್ವೇರ್ ಎಂಬ ಕಾರು ತಂದಿತು. ಎಂಜಿನ್ ಹಿಂದೆ, ಗಾಳಿಯಿಂದ ತಣಿಯುವ ಆರು ಸಿಲಿಂಡರಿನದು. ಹಿಂದಿನ ಸಸ್ಪೆನ್ಷನ್ ಸ್ವಿಂಗ್ ಆಕ್ಸಲ್. ಅಂದರೆ ಅರ್ಧ ಆಕ್ಸಲ್ಲು ಚಕ್ರದ ಸಮೇತ, ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಪಕ್ಕದ ಒಂದೇ ಕೀಲಿನ ಮೇಲೆ ತೂಗುತ್ತದೆ. ಹಿಂಭಾಗ ಮೇಲೆದ್ದರೆ ಚಕ್ರದ ಕೆಳತುದಿ ಕಾರಿನಡಿಗೆ ಮಡಚಿಕೊಳ್ಳುತ್ತದೆ. ತೂಕವೂ ಹಿಂದೆ, ಈ ಮಡಚುವ ಚಾಳಿಯೂ ಹಿಂದೆ. ಮುಂದೆ ಒಂದು ಆ್ಯಂಟಿ ರೋಲ್ ಬಾರ್ ಹಾಕಿದ್ದರೆ ಎಷ್ಟೋ ಸರಿಹೋಗುತ್ತಿತ್ತು, ಹಾಕಲಿಲ್ಲ. ಬದಲಿಗೆ ಮಾಡಿದ್ದೇನು ಗೊತ್ತೆ? ಟೈರಿನ ಗಾಳಿ! ಮುಂದೆ 15 ಪಿಎಸ್‌ಐ, ಹಿಂದೆ 26 ಪಿಎಸ್‌ಐ. ಮುಂದಿನ ಟೈರು ಮೆತ್ತಗಿದ್ದರೆ ಅದು ಹೆಚ್ಚು ತಿರುಚಿಕೊಳ್ಳುತ್ತದೆ, ಮೂಗು ಮೊದಲು ಜಾರುತ್ತದೆ, ಬಾಲ ಹಿಂದೆ ಉಳಿಯುತ್ತದೆ. ಕಾಗದದ ಮೇಲೆ ಲೆಕ್ಕ ಸರಿಯೇ ಇತ್ತು. ಆದರೆ ಪೆಟ್ರೋಲ್ ಬಂಕಿನ ಹುಡುಗನಿಗೆ ಅದನ್ನು ಹೇಳಿದವರು ಯಾರು? 15 ಪಿಎಸ್‌ಐ ನೋಡಿದ ಯಾವ ಪುಣ್ಯಾತ್ಮ ಸುಮ್ಮನಿರುತ್ತಾನೆ? ನಾಲ್ಕಕ್ಕೂ ಸಮನಾಗಿ ಹೊಡೆದು ಕಳಿಸುತ್ತಾನೆ. ನಮ್ಮ ಬಂಕುಗಳಲ್ಲಿ ‘ಮುವ್ವತ್ತೈದಾ ಸಾರ್?’ ಅಂತ ಕೇಳುವುದಿಲ್ಲವೆ, ಹಾಗೆ. ಅಲ್ಲಿಗೆ ಎಂಜಿನಿಯರ್‌ಗಳು ಕಟ್ಟಿದ್ದ ಸಮತೋಲನ ಬಿದ್ದುಹೋಯಿತು.

ಇನ್ನೂ ಸ್ವಾರಸ್ಯದ ಭಾಗ ಮುಂದಿದೆ. ಹೊರಗಿನ ಅಂಗಡಿಗಳು ಸುಮ್ಮನಿರಲಿಲ್ಲ. ಎಂಪಿ ಎಂಬ ಕಂಪನಿ ಕ್ಯಾಂಬರ್ ಕಾಂಪೆನ್ಸೇಟರ್ ಎಂಬ ಹೆಸರಿನಲ್ಲಿ, ಹಿಂದಿನ ಆಕ್ಸಲ್ಲುಗಳ ಕೆಳಗೆ ಅಡ್ಡಲಾಗಿ ಕಟ್ಟುವ ಪಟ್ಟಿ ಸ್ಪ್ರಿಂಗ್ ಮಾರಿತು. ಚಕ್ರ ಅಡಿಗೆ ಮಡಚದಂತೆ ಅದು ತಡೆಯುತ್ತಿತ್ತು. 1964ರ ಮಾದರಿಯಲ್ಲಿ ಷೆವರ್ಲೆಯೇ ಹಿಂದೆ ಅಡ್ಡ ಪಟ್ಟಿ ಸ್ಪ್ರಿಂಗನ್ನು, ಮುಂದೆ ಆ್ಯಂಟಿ ರೋಲ್ ಬಾರನ್ನು ಹಾಕಿಕೊಟ್ಟಿತು. 1965ರಲ್ಲಿ ಹಿಂದಿನ ಸಸ್ಪೆನ್ಷನ್ನನ್ನೇ ಹೊಸದಾಗಿ ಮಾಡಿದರು. ಅದೇ ವರ್ಷ ಗ್ರಾಹಕರ ಪರ ಹೋರಾಟಗಾರ ರಾಲ್ಫ್ ನೇಡರ್ ತಮ್ಮ ಪುಸ್ತಕದಲ್ಲಿ ಈ ಕಾರಿನ ಮೇಲೆ ಒಂದು ಇಡೀ ಅಧ್ಯಾಯ ಬರೆದು ಮಾನ ಹರಾಜು ಹಾಕಿದರು. ಹೆಸರು ಒಮ್ಮೆ ಕೆಟ್ಟ ಮೇಲೆ ಏನು ಮಾಡಿದರೇನು, 1969ಕ್ಕೆ ಕಾರೇ ನಿಂತಿತು. 1972ರಲ್ಲಿ ಅಮೆರಿಕ ಸರ್ಕಾರದ ಸುರಕ್ಷತಾ ಸಂಸ್ಥೆ, ಆ ಕಾಲದ ಬೇರೆ ಕಾರುಗಳಿಗಿಂತ ಇದು ಕೆಟ್ಟದ್ದೇನಲ್ಲ ಅಂತ ವರದಿ ಕೊಟ್ಟಿತು. ಅದರ ಮೇಲಿನ ಜಗಳ ಇವತ್ತಿಗೂ ಮುಗಿದಿಲ್ಲ, ನಾವು ಅದರೊಳಗೆ ಹೋಗುವುದು ಬೇಡ. ನನಗೆ ಬೇಕಾದದ್ದು ಇಷ್ಟು: ಒಂದು ದೊಡ್ಡ ಕಂಪನಿ ಗಾಡಿಯ ಸ್ವಭಾವ ಬದಲಿಸಲು ಬಳಸಿದ ಮೊದಲ ಉಪಕರಣ ಗಾಳಿಯ ಒತ್ತಡ. ನೀವು ಲಕ್ಷ ರೂಪಾಯಿಯ ಕಾಯಿಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್ ಶಾಕಪ್ ಜೋಡಿ) ಹಾಕಿಸಿ, ಗಾಳಿ ಹೊಡೆಯುವುದನ್ನು ಬಂಕಿಗೆ ಬಿಟ್ಟರೆ ಹೇಗೆ?

ಆದ್ದರಿಂದ ಮೊದಲ ಕೆಲಸ ಟೈರು. ಪಕ್ಕದಲ್ಲಿ ಅಂಡಾಕಾರದ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ನೇ ಇಸವಿಯ 23ನೇ ವಾರ. ಆರೇಳು ವರ್ಷ ಕಳೆದ ಟೈರಿನ ರಬ್ಬರ್ ಕಲ್ಲಾಗಿರುತ್ತದೆ, ತೋಡು ಎಷ್ಟೇ ಆಳವಿರಲಿ. ಗಾಳಿ ನೋಡುವುದು ಬೆಳಿಗ್ಗೆ, ಗಾಡಿ ಹೊರಡುವ ಮುಂಚೆ. ಓಡಿದ ಮೇಲೆ ಮೂರು ನಾಲ್ಕು ಪಿಎಸ್‌ಐ ಏರಿರುತ್ತದೆ. ಬಾಗಿಲ ಕಂಬದ ಚೀಟಿಯಲ್ಲಿರುವ ಅಂಕಿಯಿಂದ ಶುರು ಮಾಡಿ. ಟೈರಿನ ಭುಜಕ್ಕೆ ಮೂರು ಕಡೆ ಸೀಮೆಸುಣ್ಣದ ಗೆರೆ ಎಳೆದು, ನಿಮಗೆ ಗೊತ್ತಿರುವ ತಿರುವುಗಳಲ್ಲಿ ಓಡಿಸಿ ಬನ್ನಿ. ಸುಣ್ಣ ಭುಜದ ಮೇಲಿನ ಸಣ್ಣ ತ್ರಿಕೋನದ ಗುರುತಿನವರೆಗೆ ಅಳಿಸಿದ್ದರೆ ಸರಿ. ಅದನ್ನೂ ದಾಟಿದ್ದರೆ ಟೈರು ಮಗುಚುತ್ತಿದೆ, ಗಾಳಿ ಕಡಿಮೆ. ಅಲ್ಲಿಯವರೆಗೆ ಬರದಿದ್ದರೆ ಜಾಸ್ತಿ. ಒಂದು ಸಲಕ್ಕೆ 2 ಪಿಎಸ್‌ಐ, ಒಂದು ಆಕ್ಸಲ್ಲಿಗೆ ಮಾತ್ರ ಬದಲಿಸಿ, ಬರೆದಿಡಿ.

ಅಳತೆ ಬದಲಿಸುವುದಾದರೆ ಒಟ್ಟು ವ್ಯಾಸ ಕೆಡಬಾರದು. 185/65, 15 ಇಂಚಿನ ಟೈರಿನ ವ್ಯಾಸ ಸುಮಾರು 621 ಮಿಮೀ. 195/55, 16 ಇಂಚಿನದೂ ಹೆಚ್ಚುಕಡಿಮೆ ಅಷ್ಟೇ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಒಳಗಿನ ಲೈನರಿಗೆ ಉಜ್ಜುವುದೂ ಇಲ್ಲ. ಆದರೆ ರಿಮ್ಮಿನ ಆಫ್‌ಸೆಟ್, ಅಂದರೆ ಚಕ್ರ ಎಷ್ಟು ಒಳಗೆ ಹೊರಗೆ ಕೂರುತ್ತದೆ ಅನ್ನುವ ಅಳತೆ, ಮೂಲದ ಹತ್ತಿರವೇ ಇರಲಿ. ‘ಹೊರಗೆ ಬಂದರೆ ಅಗಲ ಕಾಣತ್ತೆ’ ಎಂದು ಚಕ್ರವನ್ನು ಈಚೆ ತಳ್ಳಿದರೆ, ಒಂದು ಚಕ್ರ ಗುಂಡಿಗೆ ಬಿದ್ದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ, ವೀಲ್ ಬೇರಿಂಗೂ ಬೇಗ ಹೋಗುತ್ತದೆ.

ಎರಡನೆಯದು ಬುಷ್, ಸಸ್ಪೆನ್ಷನ್ನಿನ ಲೋಹದ ಭಾಗಗಳು ಸೇರುವಲ್ಲಿ ಕೂರುವ ರಬ್ಬರ್ ತುಂಡು. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಫೋಟೋ ಚೆನ್ನಾಗಿ ಬರುವುದಿಲ್ಲವಲ್ಲ! 80 ಸಾವಿರ ಕಿಮೀ ಓಡಿದ ಕಾರಿನಲ್ಲಿ ಚಕ್ರವನ್ನು ಕೆಳಗಿನಿಂದ ಹಿಡಿಯುವ ಲೋವರ್ ಆರ್ಮಿನ ಹಿಂದಿನ ಬುಷ್ ಸೀಳಿದ್ದರೆ, ಬ್ರೇಕ್ ಹಾಕಿದಾಗ ಆರ್ಮ್ ಹಿಂದೆ ಸರಿದು ಟೋ, ಅಂದರೆ ಚಕ್ರದ ಮುಖ ಒಳಗೋ ಹೊರಗೋ ತಿರುಗಿರುವ ಅಳತೆ, ತನ್ನಷ್ಟಕ್ಕೆ ಬದಲಾಗುತ್ತದೆ. ಅಂಥ ಗಾಡಿಗೆ ಯಾವ ಅಲೈನ್‌ಮೆಂಟ್ ಮಾಡಿದರೂ ನೀರಿನ ಮೇಲಿನ ಬರಹ. ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ಟಿನ ಮೇಲಿನ ಮೌಂಟ್ ಮತ್ತು ಅದರ ಬೇರಿಂಗ್, ಟೈ ರಾಡ್ ತುದಿ, ಇಷ್ಟನ್ನು ಮೂಲದ ಭಾಗಗಳಿಂದಲೇ ಹೊಸದು ಮಾಡಿ. ಗಾಡಿ ಅರ್ಧಕ್ಕರ್ಧ ಸುಧಾರಿಸಿರುತ್ತದೆ. ಇಲ್ಲೇ ನಿಲ್ಲಿಸಿದರೂ ತಪ್ಪೇನಿಲ್ಲ.

ಗ್ಯಾರೇಜಿನವರು ದಯವಿಟ್ಟು ಇದನ್ನು ಕೇಳಿಸಿಕೊಳ್ಳಿ. ಮೂಲದ ರಬ್ಬರ್ ಬುಷ್ ಕೀಲಿನಂತೆ ತಿರುಗುವುದಿಲ್ಲ. ರಬ್ಬರು ಒಳಗಿನ ಕೊಳವೆಗೂ ಹೊರಗಿನ ಕೊಳವೆಗೂ ಅಂಟಿಕೊಂಡಿರುತ್ತದೆ, ತಿರುಚಿಕೊಂಡೇ ಕೆಲಸ ಮಾಡುತ್ತದೆ. ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿ, ಆರ್ಮ್ ಜೋತು ಬಿದ್ದಿರುವಾಗಲೇ ಬೋಲ್ಟ್ ಬಿಗಿದರೆ, ಗಾಡಿ ನೆಲಕ್ಕಿಳಿದ ಕ್ಷಣದಿಂದ ಬುಷ್ ತಿರುಚಿದ ಸ್ಥಿತಿಯಲ್ಲೇ ಬದುಕಬೇಕು. ವರ್ಷ ತುಂಬುವುದರೊಳಗೆ ಹರಿಯುತ್ತದೆ. ಆಮೇಲೆ ‘ಮಾಲು ಸರಿ ಇಲ್ಲ’ ಅನ್ನುತ್ತೇವೆ. ಸರಿಯಾದ ಕ್ರಮ ಹೀಗೆ: ಕೆಲಸ ಶುರುಮಾಡುವ ಮೊದಲು ಚಕ್ರದ ನಟ್ಟನಡುವಿನಿಂದ ಫೆಂಡರ್ ಅಂಚಿನವರೆಗೆ ಅಳೆದುಕೊಳ್ಳಿ. ಬುಷ್ ಹಾಕಿ ಬೋಲ್ಟನ್ನು ಸಡಿಲವಾಗಿ ಬಿಡಿ. ಆರ್ಮಿನ ಕೆಳಗೆ ಜ್ಯಾಕ್ ಕೊಟ್ಟು ಅದೇ ಅಳತೆ ಬರುವವರೆಗೆ ಎತ್ತಿ. ಆಗ ಟಾರ್ಕ್ ರೆಂಚಿನಿಂದ ಬಿಗಿಯಿರಿ. ಗಾಡಿ ಇಳಿಸುವವರಿಗಂತೂ ಇದು ಡಬಲ್ ಮುಖ್ಯ. ಹೊಸ ಎತ್ತರದಲ್ಲಿ ಎಲ್ಲ ಬುಷ್ ಬೋಲ್ಟ್ ಸಡಿಲಿಸಿ ಮತ್ತೆ ಬಿಗಿಯಬೇಕು. ಹಿಂದಿನ ಬೀಮಿನ ಎರಡು ದೊಡ್ಡ ಬೋಲ್ಟ್‌ಗಳೂ ಸೇರಿ.

ಪಾಲಿಯುರೆಥೇನ್ ಬುಷ್ ಹಾಕಬಹುದೇ? ಮುಂದಿನ ಆರ್ಮಿಗೆ, ಆ್ಯಂಟಿ ರೋಲ್ ಬಾರಿಗೆ ಹಾಕಿ. ಸಿಲಿಕೋನ್ ಗ್ರೀಸ್ ಹಚ್ಚದಿದ್ದರೆ ಮದುವೆ ಮನೆಯ ಹಳೇ ಮಂಚದ ಸದ್ದು ಬರುತ್ತದೆ. ಹಿಂದಿನ ಟಾರ್ಷನ್ ಬೀಮಿಗೆ ಮಾತ್ರ ಬೇಡ. ಬೀಮ್ ತಿರುಚುವಾಗ ಆ ಬುಷ್ ಒಂದೇ ದಿಕ್ಕಿನಲ್ಲಿ ಅಲ್ಲ, ಎಲ್ಲ ದಿಕ್ಕಿನಲ್ಲೂ ಮಣಿಯಬೇಕು. ಗಟ್ಟಿ ಪಾಲಿ ಹಾಕಿದರೆ ಸಸ್ಪೆನ್ಷನ್ ಬಿಗಿದುಕೊಂಡು, ಹಿಂಭಾಗ ಇದ್ದಕ್ಕಿದ್ದಂತೆ ಕುಣಿಯುತ್ತದೆ.

ಮೂರನೆಯದು ಅಲೈನ್‌ಮೆಂಟ್. ಕ್ಯಾಂಬರ್ ಅಂದರೆ ಚಕ್ರ ಪಕ್ಕಕ್ಕೆ ವಾಲಿರುವ ಕೋನ, ಮೇಲ್ತುದಿ ಒಳಗೆ ವಾಲಿದ್ದರೆ ನೆಗೆಟಿವ್. ಕಾರ್ಖಾನೆಯಿಂದ ಬರುವಾಗ ಮುಂದಿನ ಕ್ಯಾಂಬರ್ ಸಾಮಾನ್ಯವಾಗಿ ಸೊನ್ನೆಯ ಆಸುಪಾಸು, ಅರ್ಧ ಡಿಗ್ರಿ ನೆಗೆಟಿವ್‌ವರೆಗೆ ಇರುತ್ತದೆ. ಸ್ಟ್ರಟ್ ಸಸ್ಪೆನ್ಷನ್ನಿನ ರೋಗವೇ ಇದು: ಗಾಡಿ ವಾಲಿದಷ್ಟೂ ಹೊರಗಿನ ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಸ್ಟ್ರಟ್ಟನ್ನು ಚಕ್ರ ಕೂರುವ ನಕಲ್ಲಿಗೆ ಹಿಡಿಯುವ ಎರಡು ಬೋಲ್ಟ್‌ಗಳಲ್ಲಿ ಮೇಲಿನದರ ಜಾಗಕ್ಕೆ ಎಕ್ಸೆಂಟ್ರಿಕ್ ಕ್ಯಾಂಬರ್ ಬೋಲ್ಟ್ ಹಾಕಿದರೆ ಒಂದು, ಒಂದೂವರೆ ಡಿಗ್ರಿ ಸಿಗುತ್ತದೆ. ರಸ್ತೆಯ ಗಾಡಿಗೆ ನೆಗೆಟಿವ್ 1ರಿಂದ 1.5 ಡಿಗ್ರಿ ಸಾಕು. ಎರಡೂ ಬದಿ ಸಮ ಇರಲಿ. ಕ್ಯಾಂಬರ್ ಬದಲಿಸಿದರೆ ಟೋ ಬದಲಾಗಿಯೇ ಆಗುತ್ತದೆ, ಹಾಗಾಗಿ ಕ್ಯಾಂಬರ್ ಮೊದಲು, ಟೋ ಆಮೇಲೆ. ಮುಂದೆ ಒಟ್ಟು ಟೋ ಸೊನ್ನೆಯಿಂದ 1 ಮಿಮೀ ಒಳಮುಖ. ಮೆಷಿನ್ ಡಿಗ್ರಿಯಲ್ಲಿ ತೋರಿಸಿದರೆ, 15 ಇಂಚಿನ ರಿಮ್ಮಿಗೆ 0.1 ಡಿಗ್ರಿ ಅಂದರೆ ಸುಮಾರು 0.66 ಮಿಮೀ. ‘ಕ್ಯಾಂಬರ್ ಕೊಟ್ಟರೆ ಟೈರು ತಿನ್ನತ್ತೆ’ ಅಂತ ಹೆದರಿಸುತ್ತಾರೆ. ಒಂದು ಡಿಗ್ರಿ ಕ್ಯಾಂಬರ್ ತಿನ್ನುವುದಕ್ಕಿಂತ ತಪ್ಪು ಟೋ ಹೆಚ್ಚು ತಿನ್ನುತ್ತದೆ. ಹಿಂದಿನ ಬೀಮಿಗೆ ಅಡ್ಜಸ್ಟ್‌ಮೆಂಟ್ ಇಲ್ಲ ಅಂತ ಮೆಷಿನ್‌ನವರು ಕೈ ಚೆಲ್ಲುತ್ತಾರೆ. ಹಬ್ಬಿಗೂ ಬೀಮಿಗೂ ನಡುವೆ ಇಡುವ ಓರೆ ಶಿಮ್ ಸಿಗುತ್ತದೆ. ಹಿಂದಿನ ಟೋ ಎಡ ಬಲಕ್ಕೆ ವಿಪರೀತ ವ್ಯತ್ಯಾಸವಿದ್ದರೆ ಮಾತ್ರ ಅದರ ತಂಟೆಗೆ ಹೋಗಿ, ಅಷ್ಟೊತ್ತಿಗೆ ಬೀಮ್ ಎಲ್ಲೋ ಗುಂಡಿಗೆ ಬಿದ್ದು ಬಾಗಿರುವ ಸಾಧ್ಯತೆಯೇ ಹೆಚ್ಚು.

ನೋಡಿ, ಇಲ್ಲಿಯವರೆಗೆ ಸ್ಪ್ರಿಂಗ್ ಮುಟ್ಟಿಲ್ಲ. ಟೈರು ನೆಲಕ್ಕೆ ಚಪ್ಪಟೆಯಾಗಿ ಕೂರಲಿ ಅಂತಷ್ಟೇ ನೋಡಿದ್ದೇವೆ.

ಈಗ ಶಾಕಪ್. ಬಾನೆಟ್ ಒತ್ತಿ ಬಿಟ್ಟು ‘ಒಂದೇ ಸಲ ಕುಣಿಯಿತು, ಚೆನ್ನಾಗಿದೆ’ ಅನ್ನುವ ಪರೀಕ್ಷೆ ಇದೆಯಲ್ಲ, ಅದು ಪೂರ್ತಿ ಸತ್ತ ಶಾಕಪ್ಪನ್ನು ಹಿಡಿಯುತ್ತದೆ, ಸಾಯುತ್ತಿರುವುದನ್ನಲ್ಲ. ಎಣ್ಣೆ ಸೋರದಿದ್ದರೂ ಒಳಗಿನ ವಾಲ್ವ್ ಸವೆದಿರಬಹುದು. ಟೈರಿನ ಮೇಲೆ ಕೈಯಾಡಿಸಿ, ಅಲೆಅಲೆಯಾಗಿ ತಗ್ಗು ದಿಣ್ಣೆ ಸಿಕ್ಕರೆ ಚಕ್ರ ನೆಲ ಬಿಟ್ಟು ಕುಣಿಯುತ್ತಿದೆ ಅಂತ ಅರ್ಥ. ಗಾಳಿಯಲ್ಲಿರುವ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು?

ಒಳ್ಳೆಯ ಶಾಕಪ್ಪನ್ನು ಮೂಲದ ಸ್ಪ್ರಿಂಗಿನ ಜೊತೆಗೇ ಹಾಕಿ ನೋಡಿ. ನಮ್ಮ ರಸ್ತೆಗೆ ಇದಕ್ಕಿಂತ ಒಳ್ಳೆಯ ಅಪ್‌ಗ್ರೇಡ್ ಇಲ್ಲ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಟ್ವಿನ್ ಟ್ಯೂಬೋ ಮಾನೋಟ್ಯೂಬೋ ಎಂಬ ಜಗಳವೂ ಇದೆ. ಮಾನೋಟ್ಯೂಬಿನಲ್ಲಿ ಗ್ಯಾಸ್ ಬೇರೆ, ಎಣ್ಣೆ ಬೇರೆ, ನಡುವೆ ತೇಲುವ ಪಿಸ್ಟನ್. ಹಾಗಾಗಿ ಘಾಟಿಯಲ್ಲಿ ಎಷ್ಟು ಬಿಸಿಯಾದರೂ ನೊರೆ ಬರುವುದಿಲ್ಲ. ಆದರೆ ಹೊರಗಿನ ಒಂದೇ ಗೋಡೆಗೆ ಕಲ್ಲು ಬಡಿದು ನೆಗ್ಗಿದರೆ ಪಿಸ್ಟನ್ ಸಿಕ್ಕಿಕೊಂಡು ಕೆಲಸ ಮುಗಿಯಿತು. ಟ್ವಿನ್ ಟ್ಯೂಬ್ ಅಂಥ ಏಟು ತಡೆದುಕೊಳ್ಳುತ್ತದೆ. ಕಾಫಿ ತೋಟದ ರಸ್ತೆಯವರು ಇದನ್ನು ಯೋಚಿಸಬೇಕು.

ತಿರುಗಿಸಿ ಹೊಂದಿಸುವ ಶಾಕಪ್ ಇದ್ದರೆ ಮೊದಲ ದಿನವೇ ಪೂರ್ತಿ ಗಟ್ಟಿ ಮಾಡಬೇಡಿ, ಎಲ್ಲರೂ ಮಾಡುವುದು ಅದನ್ನೇ. ರಿಬೌಂಡ್, ಅಂದರೆ ಚಕ್ರ ವಾಪಸ್ ಇಳಿಯುವಾಗ ಶಾಕಪ್ ಒಡ್ಡುವ ತಡೆ, ಅತಿಯಾದರೆ ಸಾಲು ಉಬ್ಬುಗಳ ಮೇಲೆ ಚಕ್ರ ವಾಪಸ್ ಇಳಿಯುವಷ್ಟರಲ್ಲಿ ಮುಂದಿನ ಉಬ್ಬು ಬಂದಿರುತ್ತದೆ. ಗಾಡಿ ಮೆಲ್ಲಗೆ ತನ್ನನ್ನೇ ಕೆಳಗೆ ಎಳೆದುಕೊಂಡು, ಸ್ಟ್ರಟ್ ಪೂರ್ತಿ ಒಳಹೋಗದಂತೆ ತಡೆಯುವ ಮೆತ್ತೆಯಾದ ಬಂಪ್ ಸ್ಟಾಪಿನ ಮೇಲೆ ಕೂತುಬಿಡುತ್ತದೆ. ಪೂರ್ತಿ ಮೆತ್ತಗಿನಿಂದ ಶುರು ಮಾಡಿ, ಒಂದೇ ರಸ್ತೆಯಲ್ಲಿ, ಎರಡೆರಡು ಕ್ಲಿಕ್ಕಿನಂತೆ ಏರಿಸಿ. ತೇಲಾಟ ನಿಂತ ಜಾಗದಲ್ಲಿ ನೀವೂ ನಿಲ್ಲಿ.

ಬಂಪ್ ಸ್ಟಾಪ್ ಅಂದೆ. ಪಿಸ್ಟನ್ ರಾಡಿಗೆ ಒಂದು ಜಿಪ್ ಟೈ ಬಿಗಿಯಾಗಿ ಕಟ್ಟಿ, ಕೆಳಗೆ ಒತ್ತಿ, ನಿಮ್ಮ ಮಾಮೂಲಿ ರಸ್ತೆಯಲ್ಲಿ ಓಡಿಸಿ ಬನ್ನಿ. ಅದು ಎಲ್ಲಿಯವರೆಗೆ ಸರಿದಿದೆಯೋ ಅಷ್ಟು ಸ್ಟ್ರಟ್ ಒಳಹೋಗಿದೆ. ಐದು ರೂಪಾಯಿಯ ಡೇಟಾ ಲಾಗರ್! ತಿರುವಿನ ನಡುವೆ ಮುಂದಿನ ಸ್ಟ್ರಟ್ ಬಂಪ್ ಸ್ಟಾಪಿಗೆ ತಾಗಿದರೆ ಆ ಕ್ಷಣದಲ್ಲಿ ಆ ಮೂಲೆಯ ಗಡಸುತನ ಹಲವು ಪಟ್ಟು ಏರುತ್ತದೆ, ಮೂಗು ಹೊರಗೆ ಓಡುತ್ತದೆ. ‘ಲೋ ಮಾಡಿಸಿದ ಮೇಲೆ ಅಂಡರ್‌ಸ್ಟಿಯರ್ ಜಾಸ್ತಿ ಆಯ್ತು’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಹಿಂದಿನದು ತಾಗಿದರೆ ಬಾಲ ಬೀಸುತ್ತದೆ, ಅದು ಇನ್ನೂ ಅಪಾಯ.

ಆ್ಯಂಟಿ ರೋಲ್ ಬಾರ್‌ಗೆ ಬರೋಣ. ಬಾರಿನ ಗಡಸುತನ ವ್ಯಾಸದ ನಾಲ್ಕನೇ ಘಾತದಂತೆ ಏರುತ್ತದೆ. 20 ಮಿಮೀ ಬಾರ್ ತೆಗೆದು 22 ಮಿಮೀ ಹಾಕಿದರೆ ನೋಡಲು ಎರಡೇ ಮಿಮೀ, ಗಡಸುತನ 46 ಶೇಕಡಾ ಹೆಚ್ಚು. ಮುಂದಿನ ಚಕ್ರ ಎಳೆಯುವ ಗಾಡಿಗೆ ಮುಂದೆ ದಪ್ಪ ಬಾರ್ ಹಾಕಿದರೆ ಸಾಮಾನ್ಯವಾಗಿ ಮೂಗು ಇನ್ನಷ್ಟು ಜಾರುತ್ತದೆ, ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಸುಮ್ಮನೆ ಸುತ್ತುತ್ತದೆ. ಹಿಂದೆ ಗಟ್ಟಿ ಮಾಡಿ. ಟಾರ್ಷನ್ ಬೀಮ್ ತಾನೇ ಒಂದು ಆ್ಯಂಟಿ ರೋಲ್ ಬಾರ್, ಅದರ ಎರಡು ತೋಳುಗಳ ನಡುವೆ ಇನ್ನೊಂದು ಬಾರ್ ಬೋಲ್ಟ್ ಮಾಡುವ ಕಿಟ್ ಬರುತ್ತದೆ. ಆಗ ಮುಂದಿನ ಟೈರುಗಳ ಹೊರೆ ಸಮನಾಗಿ ಹಂಚಿಕೆಯಾಗುತ್ತದೆ, ಗಾಡಿ ತಿರುಗುತ್ತದೆ. ತಿರುವಿನಲ್ಲಿ ಹಿಂದಿನ ಒಳಚಕ್ರ ನೆಲ ಬಿಟ್ಟು ಎದ್ದರೆ ಗಾಬರಿ ಬೇಡ. ಆದರೆ ಮಳೆಗಾಲದಲ್ಲಿ, ಆಗುಂಬೆಯ ಪಾಚಿ ಹಿಡಿದ ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟಿರೋ, ಹಿಂಭಾಗ ಮುಂದೆ ಬರುತ್ತದೆ. ಮಲೆನಾಡಿನವರು ಸಣ್ಣ ಬಾರಿನಲ್ಲಿ ತೃಪ್ತಿಪಡಿ.

ಬಾನೆಟ್ಟಿನಡಿ ಎರಡು ಸ್ಟ್ರಟ್ಟುಗಳ ತಲೆ ಕೂಡಿಸುವ, ಹೊಳೆಯುವ ಸ್ಟ್ರಟ್ ಬ್ರೇಸ್ ಬಗ್ಗೆ ಚೀಟಿ ಬಂದಿದೆ. ಬಾನೆಟ್ ತೆರೆದಾಗ ಚೆನ್ನಾಗಿ ಕಾಣುತ್ತದೆ.

ಕೊನೆಗೂ ಸ್ಪ್ರಿಂಗ್. ಗಡಿಯಾರದ ಕಡೆ ಅಧ್ಯಕ್ಷರು ಎರಡು ಸಲ ನೋಡಿದರು, ಬೇಗ ಹೇಳುತ್ತೇನೆ. ಮುಂದಿನ ಒಂದು ಮೂಲೆಯಲ್ಲಿ ಸ್ಪ್ರಿಂಗಿನ ಮೇಲಿನ ತೂಕ 250 ಕೆಜಿ, ಚಕ್ರದ ಬಳಿ ಗಡಸುತನ ಮಿಮೀಗೆ 20 ನ್ಯೂಟನ್ ಅಂದರೆ ಆ ಮೂಲೆ ಸೆಕೆಂಡಿಗೆ 1.42 ಸಲ ಮೇಲೆ ಕೆಳಗೆ ತೂಗುತ್ತದೆ. 30 ಶೇಕಡಾ ಗಡಸು ಸ್ಪ್ರಿಂಗ್ ಹಾಕಿದರೆ 1.62. ರಸ್ತೆಯ ಗಾಡಿಗೆ ಅದೇ ಮಿತಿ, ಅದರ ಮೇಲೆ ಹೋದರೆ ರೇಸ್ ಟ್ರ್ಯಾಕಿಗೆ ಹೋಗಿ. ಸ್ಪ್ರಿಂಗ್ 30 ಶೇಕಡಾ ಗಡಸಾದರೆ ಶಾಕಪ್ 14 ಶೇಕಡಾ ಗಟ್ಟಿಯಾಗಬೇಕು, ಮೂಲದ ಹಳೆಯ ಶಾಕಪ್ಪಿಗೆ ಅದು ಆಗದ ಕೆಲಸ. ಮುಂದೆ ಮಾತ್ರ ಗಡಸು ಮಾಡುವುದೂ ತಪ್ಪು. ಜನರಲ್ ಮೋಟಾರ್ಸ್‌ನಲ್ಲಿ 1930ರ ದಶಕದಲ್ಲಿ ಮಾರಿಸ್ ಒಲಿ ಎಂಬ ಎಂಜಿನಿಯರ್ ಕಾರೊಂದರ ಮೇಲೆ ತೂಕಗಳನ್ನು ಹಿಂದೆ ಮುಂದೆ ಸರಿಸಿ, ಒಳಗೆ ಕೂತು ಓಡಾಡಿ ಕಂಡುಕೊಂಡದ್ದು ಇದು: ಹಿಂದಿನ ಸ್ಪ್ರಿಂಗ್ ಮುಂದಿನದಕ್ಕಿಂತ ಸ್ವಲ್ಪ ಬೇಗ ತೂಗಬೇಕು. 2.45 ಮೀಟರ್ ವೀಲ್‌ಬೇಸಿನ ಗಾಡಿ 60 ಕಿಮೀ ವೇಗದಲ್ಲಿದ್ದರೆ ಹಿಂದಿನ ಚಕ್ರ ಅದೇ ಉಬ್ಬನ್ನು 0.15 ಸೆಕೆಂಡ್ ತಡವಾಗಿ ಹತ್ತುತ್ತದೆ. ಹಿಂದಿನದು ಚುರುಕಾಗಿದ್ದರೆ ಮುಂದಿನದರ ಜೊತೆ ಸೇರಿಕೊಳ್ಳುತ್ತದೆ, ಇಲ್ಲದಿದ್ದರೆ ಗಾಡಿ ಮೂಗು ಬಾಲ ಎತ್ತಿಹಾಕುತ್ತಲೇ ಇರುತ್ತದೆ.

ಸ್ಪ್ರಿಂಗ್ ಕತ್ತರಿಸುವವರ ಬಗ್ಗೆ ಒಂದೇ ಮಾತು. ಕೆಲಸ ಮಾಡುವ ಐದು ಸುತ್ತಿನಲ್ಲಿ ಒಂದು ಕತ್ತರಿಸಿದರೆ ಗಡಸುತನ 25 ಶೇಕಡಾ ಏರುತ್ತದೆ, ಸರಿ. ಆದರೆ ತುದಿ ಸೀಟಿನಲ್ಲಿ ಕೂರುವುದಿಲ್ಲ, ಚಕ್ರ ಜೋತಾಗ ಸ್ಪ್ರಿಂಗ್ ಜಾಗ ಬಿಟ್ಟು ಏಳುತ್ತದೆ. ಗ್ಯಾಸ್ ಕಟರ್ ಹಿಡಿದರೆ ಉಕ್ಕಿನ ಹದವೇ ಹೋಯಿತು. ಸುತ್ತುಗಳ ನಡುವೆ ತುರುಕುವ ರಬ್ಬರ್ ಬಫರ್ ಮಾರುತ್ತಾರಲ್ಲ, ಅದೂ ಆ ಸುತ್ತನ್ನು ಸಾಯಿಸಿ ಉಳಿದವುಗಳ ಮೇಲೆ ಒತ್ತಡ ಹೇರುತ್ತದೆ.

ಎಷ್ಟು ಇಳಿಸಬಹುದು? ಲೋವರ್ ಆರ್ಮ್ ನೋಡಿ. ಚಕ್ರದ ಕಡೆಯ ತುದಿ ಒಳಗಿನ ಕೀಲಿಗಿಂತ ಮೇಲೆ ಹೋಗುವಷ್ಟು ಇಳಿಸಿದರೆ ರೋಲ್ ಸೆಂಟರ್, ಅಂದರೆ ಗಾಡಿ ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು, ಭಾರಕೇಂದ್ರಕ್ಕಿಂತ ವೇಗವಾಗಿ ಕೆಳಗೆ ಬೀಳುತ್ತದೆ. ಸ್ಪ್ರಿಂಗ್ ಗಡಸಾಗಿದ್ದರೂ ಅದರ ಪ್ರಯೋಜನ ಕಾಣದಂತೆ ಇಳಿದ ಗಾಡಿ ವಾಲಲು ಹೊರಡುತ್ತದೆ, ಚಕ್ರ ತಿರುಗಿಸುವ ಟೈ ರಾಡ್ ಕೋನ ಕೆಟ್ಟು ಉಬ್ಬುಗಳ ಮೇಲೆ ತಾನೇ ಸ್ಟಿಯರ್ ಆಗುತ್ತದೆ. ಇನ್ನು ನಮ್ಮ ಹಂಪುಗಳು. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾನದಂಡದ ಹಂಪ್ 3.7 ಮೀಟರ್ ಅಗಲ, 10 ಸೆಂಮೀ ಎತ್ತರ, 17 ಮೀಟರ್ ತ್ರಿಜ್ಯದ ಕಮಾನು. 2.45 ಮೀಟರ್ ವೀಲ್‌ಬೇಸಿನ ಗಾಡಿಯ ಹೊಟ್ಟೆಗೆ ಅದರ ಮೇಲೆ ಬೇಕಾದ ಜಾಗ ಬರೀ 44 ಮಿಮೀ! ರಾತ್ರೋರಾತ್ರಿ ಊರವರು ಹಾಕಿದ ಮೊಳದಗಲದ, ಗೇಣೆತ್ತರದ ಗೋಡೆಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅದರ ಪೂರ್ತಿ ಎತ್ತರ ನಿಮ್ಮ ಹೊಟ್ಟೆಯಡಿ ದಾಟಬೇಕು. 15ರಿಂದ 20 ಮಿಮೀಗಿಂತ ಹೆಚ್ಚು ಇಳಿಸಬೇಡಿ ಅನ್ನುವುದು ಅದಕ್ಕೇ.

ಕಾಯಿಲೋವರ್, ಕಾರ್ನರ್ ವೇಟಿಂಗ್ ಅಂತ ನಾಲ್ಕು ಪುಟ ಬರೆದುಕೊಂಡು ಬಂದಿದ್ದೆ, ಬಿಟ್ಟುಬಿಡೋಣ. ಒಂದೇ ಅಂಶ: ಕೆಳಗಿನ ಬ್ರ್ಯಾಕೆಟ್ ತಿರುಗಿಸಿ ಎತ್ತರ ಬದಲಿಸುವ ಬಗೆಯದನ್ನೇ ಕೊಳ್ಳಿ, ಅದರಲ್ಲಿ ಶಾಕಪ್ಪಿನ ಓಡಾಟ ಉಳಿಯುತ್ತದೆ. ಇನ್ನು ಎಬಿಎಸ್ ಇಲ್ಲದ ಹಳೆಯ ಕೆಲವು ಗಾಡಿಗಳಲ್ಲಿ ಹಿಂದಿನ ಆಕ್ಸಲ್ಲಿಗೆ ಕಡ್ಡಿ ಕಟ್ಟಿದ ಬ್ರೇಕ್ ವಾಲ್ವ್ ಇರುತ್ತದೆ. ಹಿಂಭಾಗ ಇಳಿದರೆ ಅದು ಲೋಡ್ ಬಂದಿದೆ ಅಂದುಕೊಂಡು ಹಿಂದಿನ ಬ್ರೇಕಿಗೆ ಒತ್ತಡ ಹೆಚ್ಚು ಕೊಡುತ್ತದೆ, ಹಿಂಚಕ್ರ ಲಾಕ್ ಆಗುತ್ತದೆ. ಆ ಕಡ್ಡಿಯನ್ನು ಮತ್ತೆ ಹೊಂದಿಸಲೇಬೇಕು. ಹೆಡ್‌ಲೈಟ್ ಎತ್ತರವನ್ನೂ.

ಕಾನೂನು ಕೇಳಿದಿರಿ. ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆಗೆ ಅವಕಾಶ ಕೊಡುವುದಿಲ್ಲ, 2019ರ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಎಂದಿದೆ. ಮೂಲದ ಎತ್ತರ, ಮೂಲದ ಅಳತೆಯಲ್ಲಿ ಒಳ್ಳೆಯ ಶಾಕಪ್ಪು, ಹೊಸ ಬುಷ್ಷು ಹಾಕಿದವನಿಗೆ ತಲೆನೋವು ಕಡಿಮೆ. ನನ್ನ ಕ್ರಮಕ್ಕೆ ಇನ್ನೊಂದು ಸಮರ್ಥನೆ ಸಿಕ್ಕಿತು ನೋಡಿ!

ಹೊರಗೆ ವರಾಂಡದಲ್ಲಿ ಒಂದು ಸ್ಟ್ರಟ್ ಇಟ್ಟಿದೆ, ಕಾಫಿ ಆದ ಮೇಲೆ ಬಿಚ್ಚಿ ತೋರಿಸುತ್ತೇವೆ. ಸ್ಪ್ರಿಂಗ್ ಕಂಪ್ರೆಸರ್ ಎರಡನ್ನು ಎದುರುಬದುರು ಹಾಕಿ, ಕೈಯಿಂದಲೇ, ಇಂಪ್ಯಾಕ್ಟ್ ಗನ್ ಮುಟ್ಟದೆ, ಎರಡನ್ನೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸ್ಪ್ರಿಂಗ್ ಸೀಟಿನಲ್ಲಿ ಸಡಿಲವಾಗಿ ಅಲ್ಲಾಡಿದ ಮೇಲೆಯೇ ನಡುವಿನ ನಟ್. ರಾಡ್ ತಿರುಗುತ್ತಿದ್ದರೆ ತುದಿಯಲ್ಲಿ ಅಲೆನ್ ಕೀ ಹಾಕಿ ಹಿಡಿಯಿರಿ. ಹೊಳೆಯುವ ರಾಡಿಗೆ ಇಕ್ಕಳ ಹಾಕಿದರೆ ಗೀರು ಬಿದ್ದು, ಹೊಸ ಸೀಲ್ ತಿಂಗಳೊಳಗೆ ಸೋರುತ್ತದೆ. ಮುಂದಿನ ಸಾಲಿನ ಹುಡುಗರೇ, ನಾನು ಬರುವವರೆಗೆ ಆ ನಡುವಿನ ನಟ್ಟಿಗೆ ಯಾರೂ ಸ್ಪ್ಯಾನರ್ ಹಾಕಬೇಡಿ.